ಎಂಜಿನ್‌ಗೆ ಸಿಲಿಂಡರಿಗೊಂದು ಥ್ರಾಟಲ್ ಹಾಕಿಸಿದರೆ ಪವರ್ ಹೆಚ್ಚುತ್ತದೆಯೇ? ‘ಐಟಿಬಿ’ ವಿಡಿಯೋಗಳ ಹಿಂದಿನ ಅಸಲಿ ಲೆಕ್ಕ

ಬಾನೆಟ್ ತೆರೆದಿಟ್ಟ ಒಂದು ಸ್ಪೋರ್ಟ್ಸ್ ಕಾರು. ಎಂಜಿನ್ ಪಕ್ಕದಲ್ಲಿ ಸಾಲಾಗಿ ನಾಲ್ಕು ಹೊಳೆಯುವ ತುತ್ತೂರಿಗಳು. ಯಾರೋ ಆಕ್ಸಿಲರೇಟರ್ ಒತ್ತುತ್ತಾರೆ. ನಾಲ್ಕೂ ತುತ್ತೂರಿಗಳ ಬಾಯಿಂದ ಒಟ್ಟಿಗೆ ಹೊರಡುವ ಗರ್ಜನೆಗೆ ಮೊಬೈಲಿನ ಸ್ಪೀಕರೇ ಒಡೆಯುತ್ತದೇನೋ ಅನ್ನಿಸುತ್ತದೆ. ಕೆಳಗೊಂದು ಒಕ್ಕಣೆ: ಇದೊಂದನ್ನು ಹಾಕಿಸಿದರೆ ಸಾಕು, ಪವರ್ 30% ಜಾಸ್ತಿ, ಕಾರ್ ಕಂಪನಿಗಳು ಇದನ್ನು ನಿಮಗೆ ಹೇಳುವುದಿಲ್ಲ!

ಇಂಥ ವಿಡಿಯೋ ನಿಮ್ಮ ಗ್ರೂಪಿಗೂ ಬಂದಿರಬಹುದು. ವಿಡಿಯೋದಲ್ಲಿ ಕಾಣುವ ಸಾಧನ ಸುಳ್ಳಲ್ಲ. ಅದರ ಹೆಸರು ಇಂಡಿವಿಜುವಲ್ ಥ್ರಾಟಲ್ ಬಾಡಿ, ಚಿಕ್ಕದಾಗಿ ಐಟಿಬಿ. ಜಗತ್ತಿನ ಕೆಲವು ಅತ್ಯುತ್ತಮ ಸ್ಪೋರ್ಟ್ಸ್ ಕಾರುಗಳಲ್ಲಿ ಇದು ಕಂಪನಿಯಿಂದಲೇ ಬಂದಿದೆ. ಆದರೆ ಒಕ್ಕಣೆಯಲ್ಲಿರುವ ಲೆಕ್ಕ ಬೇರೆ, ಎಂಜಿನ್ ಒಳಗೆ ನಡೆಯುವ ಲೆಕ್ಕ ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೆ ಕೈಹಾಕಿದರೆ ಹೋಗುವುದು ಹಣ ಮಾತ್ರವಲ್ಲ. ಕಾರಿನ ಬ್ರೇಕಿಗೂ ಅಪಾಯವಾಗಬಹುದು. ಬನ್ನಿ, ಒಂದೊಂದಾಗಿ ನೋಡೋಣ.

ಥ್ರಾಟಲ್ ಬಾಡಿ ಎಂದರೇನು?

ಪೆಟ್ರೋಲ್ ಎಂಜಿನ್ ಮೂಲತಃ ಒಂದು ಗಾಳಿ ಪಂಪು. ಪಿಸ್ಟನ್ ಕೆಳಗಿಳಿದಾಗ ಗಾಳಿ ಒಳಗೆ ಬರುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬೆರೆಯುತ್ತದೆ, ಕಿಡಿ ಹೊತ್ತುತ್ತದೆ. ಒಳಗೆ ಹೋದ ಗಾಳಿ ಎಷ್ಟೋ, ಸುಡಬಹುದಾದ ಪೆಟ್ರೋಲ್ ಅಷ್ಟೇ. ಬರುವ ಪವರ್ ಕೂಡ ಅದಕ್ಕೆ ತಕ್ಕಷ್ಟೇ.

ಈ ಗಾಳಿಯನ್ನು ಹಿಡಿತದಲ್ಲಿಡುವ ಬಾಗಿಲೇ ಥ್ರಾಟಲ್. ಒಂದು ಲೋಹದ ಕೊಳವೆ, ಅದರೊಳಗೆ ತಿರುಗುವ ದುಂಡನೆಯ ತಟ್ಟೆ. ಈ ಕೊಳವೆ, ತಟ್ಟೆ ಎರಡೂ ಸೇರಿ ಥ್ರಾಟಲ್ ಬಾಡಿ. ನೀವು ಆಕ್ಸಿಲರೇಟರ್ ಒತ್ತಿದಾಗ ನೇರವಾಗಿ ಹೆಚ್ಚುವುದು ಪೆಟ್ರೋಲ್ ಅಲ್ಲ. ಈ ತಟ್ಟೆ ತೆರೆದುಕೊಂಡು ಗಾಳಿ ಹೆಚ್ಚುತ್ತದೆ. ಆ ಗಾಳಿಯನ್ನು ಲೆಕ್ಕಹಾಕಿ ಎಷ್ಟು ಪೆಟ್ರೋಲ್ ಬಿಡಬೇಕೆಂದು ಕಾರಿನ ಕಂಪ್ಯೂಟರ್, ಅಂದರೆ ಇಸಿಯು ತೀರ್ಮಾನಿಸುತ್ತದೆ.

ಡೀಸೆಲ್ ಎಂಜಿನ್ನಿನ ರೀತಿ ಬೇರೆ. ಅಲ್ಲಿ ಪವರ್ ಹೆಚ್ಚು ಕಡಿಮೆ ಆಗುವುದು ಡೀಸೆಲ್ಲಿನ ಪ್ರಮಾಣದಿಂದ, ಗಾಳಿಯನ್ನು ತಡೆದು ಅಲ್ಲ. ಹಾಗಾಗಿ ಡೀಸೆಲ್ ಕಾರಿಗೂ ಐಟಿಬಿ ಹಾಕಿಸಿ ಎನ್ನುವ ಫಾರ್ವರ್ಡ್ ಬಂದರೆ ಅದನ್ನು ಪೂರ್ತಿ ಓದುವ ಕಷ್ಟವನ್ನೂ ತೆಗೆದುಕೊಳ್ಳಬೇಡಿ.

ಸಾಮಾನ್ಯ ಕಾರಿನಲ್ಲಿ ನಾಲ್ಕು ಸಿಲಿಂಡರಿಗೂ ಸೇರಿ ಒಂದೇ ಥ್ರಾಟಲ್ ಇರುತ್ತದೆ. ಅದನ್ನು ದಾಟಿದ ಗಾಳಿ ಪ್ಲೀನಮ್ ಎಂಬ ಡಬ್ಬಿಗೆ ಬಂದು, ಅಲ್ಲಿಂದ ನಾಲ್ಕು ಕೊಳವೆಗಳಲ್ಲಿ ಹಂಚಿಹೋಗುತ್ತದೆ. ಐಟಿಬಿಯಲ್ಲಿ ಹಾಗಲ್ಲ. ಪ್ರತಿ ಸಿಲಿಂಡರಿಗೂ ಅದರದೇ ಥ್ರಾಟಲ್, ಅದೂ ಗಾಳಿ ಒಳಹೋಗುವ ವಾಲ್ವಿನ ತೀರಾ ಹತ್ತಿರ. ನಾಲ್ಕು ಸಿಲಿಂಡರಿಗೆ ನಾಲ್ಕು, ಆರಕ್ಕೆ ಆರು.

ಇದು ಹೊಸದೂ ಅಲ್ಲ, ಗುಟ್ಟೂ ಅಲ್ಲ. ಕಾರ್ಬ್ಯುರೇಟರ್ ಕಾಲದ ರೇಸ್ ಕಾರುಗಳಲ್ಲಿ ಇಟಲಿಯ ವೆಬರ್ ಕಂಪನಿಯ ಎರಡು ಬಾಯಿಯ ಕಾರ್ಬ್ಯುರೇಟರುಗಳನ್ನು ಜೋಡಿಯಾಗಿ ಹಾಕಿ ಸಿಲಿಂಡರಿಗೊಂದು ಬಾಯಿ ಕೊಡುತ್ತಿದ್ದರು. ಫ್ಯುಯೆಲ್ ಇಂಜೆಕ್ಷನ್ ಬಂದ ಮೇಲೆ ಅದೇ ಉಪಾಯ ಐಟಿಬಿ ಆಯಿತು. ಇನ್ನೊಂದು ತಮಾಷೆ: ನಿಮ್ಮ ಮನೆಯ ಮುಂದೆ ನಿಂತಿರುವ ಇಂಜೆಕ್ಷನ್ ಸ್ಕೂಟರಿಗೆ ಇರುವುದೇ ಒಂದು ಸಿಲಿಂಡರ್, ಅದಕ್ಕೊಂದು ಥ್ರಾಟಲ್ ಬಾಡಿ. ಲೆಕ್ಕಕ್ಕೆ ಅದೂ ಐಟಿಬಿಯೇ!

ಗೇಟ್ ವಾಲ್ವ್ ಮತ್ತು ನಲ್ಲಿ: ಐಟಿಬಿ ಮಾಡುವ ನಿಜವಾದ ಕೆಲಸ

ಮನೆಯ ಮೇಲಿನ ನೀರಿನ ಟ್ಯಾಂಕನ್ನು ನೆನಪಿಸಿಕೊಳ್ಳಿ. ಟ್ಯಾಂಕಿನ ಬುಡದಲ್ಲಿ ಒಂದು ಗೇಟ್ ವಾಲ್ವ್ ಇದೆ, ಕೆಳಗೆ ಬಚ್ಚಲು ಮನೆಯಲ್ಲಿ ನಲ್ಲಿ ಇದೆ. ನಲ್ಲಿಯನ್ನು ತೆರೆದೇ ಇಟ್ಟು, ಮೇಲಿನ ಗೇಟ್ ವಾಲ್ವನ್ನು ಮುಚ್ಚಿ, ಪೈಪ್ ಖಾಲಿಯಾದ ಮೇಲೆ ಮತ್ತೆ ತೆರೆದರೆ ಏನಾಗುತ್ತದೆ? ನಲ್ಲಿ ಮೊದಲು ಬುಸ್‌ಬುಸ್ ಎನ್ನುತ್ತದೆ, ಪೈಪ್ ತುಂಬಿದ ಮೇಲೆ ನೀರು ಬರುತ್ತದೆ. ಅದೇ ಗೇಟ್ ವಾಲ್ವ್ ತೆರೆದಿದ್ದು, ಕೆಳಗಿನ ನಲ್ಲಿಯನ್ನು ತಿರುಗಿಸಿದರೆ ನೀರು ಆ ಕ್ಷಣವೇ ಬರುತ್ತದೆ.

ಒಂದೇ ಥ್ರಾಟಲ್ ಇರುವ ಎಂಜಿನ್ ಮೊದಲನೆಯ ರೀತಿಯದು, ಐಟಿಬಿ ಎಂಜಿನ್ ಎರಡನೆಯ ರೀತಿಯದು. ಆಕ್ಸಿಲರೇಟರ್ ಬಿಟ್ಟಾಗ ಪ್ಲೀನಮ್ ಡಬ್ಬಿಯೊಳಗಿನ ಗಾಳಿಯ ಒತ್ತಡ ಹೊರಗಿನ ಒತ್ತಡದ ಅರ್ಧಕ್ಕಿಂತಲೂ ಕೆಳಗಿಳಿದಿರುತ್ತದೆ. ಮತ್ತೆ ಒತ್ತಿದಾಗ ಮೊದಲು ಆ ಡಬ್ಬಿ ತುಂಬಬೇಕು, ಆಮೇಲೆ ಸಿಲಿಂಡರಿಗೆ ಪೂರ್ತಿ ಗಾಳಿ. ಐಟಿಬಿಯಲ್ಲಿ ತಟ್ಟೆಗೂ ವಾಲ್ವಿಗೂ ನಡುವೆ ಇರುವ ಜಾಗ ತುಂಬಾ ಚಿಕ್ಕದು. ಹಾಗಾಗಿ ಎಂಜಿನ್ ಕಾಲಿನ ಮಾತನ್ನು ತಕ್ಷಣ ಕೇಳುತ್ತದೆ.

ಎಷ್ಟು ತಕ್ಷಣ? ಒಂದು ಸಣ್ಣ ಲೆಕ್ಕ ಮಾಡೋಣ. 1.6 ಲೀಟರ್ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪೂರ್ತಿ ತೆರೆದರೆ ಸೆಕೆಂಡಿಗೆ ಸುಮಾರು 40 ಲೀಟರ್ ಗಾಳಿ ಎಳೆಯುತ್ತದೆ. ಪ್ಲೀನಮ್ ಮತ್ತು ಕೊಳವೆಗಳ ಒಟ್ಟು ಗಾತ್ರ 3 ಲೀಟರ್ ಎಂದುಕೊಳ್ಳಿ. ಅದನ್ನು ತುಂಬಿಸಲು ಬೇಕಾದ ಹೆಚ್ಚುವರಿ ಗಾಳಿ 2 ಲೀಟರಿಗಿಂತ ಕಡಿಮೆ. ಅಂದರೆ ತಡವಾಗುವುದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದ ಆಸುಪಾಸು. ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಿಮೆ ಹೊತ್ತು.

ರೇಸ್ ಟ್ರ್ಯಾಕಿನ ತಿರುವಿನಲ್ಲಿ ಕಾರನ್ನು ಆಕ್ಸಿಲರೇಟರಿನಲ್ಲೇ ಹದವಾಗಿ ಹಿಡಿದಿಡುವ ಚಾಲಕರಿಗೆ ಇಷ್ಟು ಸಣ್ಣ ವ್ಯತ್ಯಾಸವೂ ಅಮೂಲ್ಯ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಗ್ನಲ್ ಕಾಯುವವರಿಗೆ ಅದರಿಂದ ಏನೂ ಆಗಬೇಕಾದ್ದಿಲ್ಲ.

ಈಗ ಮುಖ್ಯ ಪ್ರಶ್ನೆ. ಗೇಟ್ ವಾಲ್ವ್, ನಲ್ಲಿ ಎರಡೂ ಪೂರ್ತಿ ತೆರೆದು ಐದು ನಿಮಿಷ ಬಿಟ್ಟರೆ, ಬಕೆಟ್ಟಿಗೆ ಬೀಳುವ ನೀರು ಎಷ್ಟು? ನೀವು ಯಾವುದನ್ನು ಮೊದಲು ತೆರೆದಿರಿ ಎನ್ನುವುದರಿಂದ ವ್ಯತ್ಯಾಸವೇ ಇಲ್ಲ. ಟ್ಯಾಂಕಿನ ಎತ್ತರ ಮತ್ತು ಪೈಪಿನ ಗಾತ್ರ ಅದನ್ನು ನಿರ್ಧರಿಸುತ್ತವೆ. ಎಂಜಿನ್ನಿನಲ್ಲೂ ಹೀಗೆಯೇ. ‘ತಕ್ಷಣ ಸ್ಪಂದಿಸುವುದು’ ಬೇರೆ, ‘ಹೆಚ್ಚು ಪವರ್ ಕೊಡುವುದು’ ಬೇರೆ. ಫಾರ್ವರ್ಡ್ ಮಾಡುವವರು ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಗೊಂದಲ ಹುಟ್ಟುತ್ತದೆ.

ಹಾಗಾದರೆ ಥ್ರಾಟಲ್ ಬದಲಿಸಿದರೆ ಗರಿಷ್ಠ ಎಷ್ಟು ಲಾಭ?

ಇದನ್ನು ನೀವೇ ಅಳೆಯಬಹುದು. ಕಾರಿನ ಡ್ಯಾಶ್‌ಬೋರ್ಡ್ ಕೆಳಗಿನ ಓಬಿಡಿ ಸಾಕೆಟ್ಟಿಗೆ ಚುಚ್ಚುವ ಬ್ಲೂಟೂತ್ ಸಾಧನಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಮೊಬೈಲ್ ಆ್ಯಪಿನಲ್ಲಿ, ಮ್ಯಾನಿಫೋಲ್ಡ್ ಪ್ರೆಷರ್ ಸೆನ್ಸರ್ ಇರುವ ಕಾರುಗಳಲ್ಲಿ, ಥ್ರಾಟಲ್ ದಾಟಿದ ಮೇಲೆ ಗಾಳಿಯ ಒತ್ತಡ ಎಷ್ಟಿದೆ ಎಂದು ಕಾಣುತ್ತದೆ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿದಾಗ ಅದು ತೋರಿಸುವುದು ಹೊರಗಿನ ವಾತಾವರಣದ ಒತ್ತಡ. ಘಟ್ಟ ಹತ್ತುವಾಗ ಆಕ್ಸಿಲರೇಟರನ್ನು ಪೂರ್ತಿ ಒತ್ತಿದ ಕ್ಷಣದಲ್ಲಿ ಎಷ್ಟು ತೋರಿಸುತ್ತದೆ ಎಂದು ನೋಡಬೇಕು. ಚಾಲಕರು ರಸ್ತೆ ನೋಡಲಿ, ಮೊಬೈಲನ್ನು ಪಕ್ಕದಲ್ಲಿ ಕೂತವರು ನೋಡಲಿ.

ಉದಾಹರಣೆಗೆ, ಮೊದಲು 91 ಕಿಲೋಪಾಸ್ಕಲ್ ಇದ್ದದ್ದು ಪೂರ್ತಿ ಒತ್ತಿದಾಗ 88 ತೋರಿಸಿತು ಎಂದುಕೊಳ್ಳಿ. ಅಂದರೆ ಏರ್ ಫಿಲ್ಟರ್, ಅದರ ಕೊಳವೆ, ಥ್ರಾಟಲ್ ಎಲ್ಲವೂ ಸೇರಿ ತಡೆಯುತ್ತಿರುವುದು 3 ಕಿಲೋಪಾಸ್ಕಲ್, ಶೇಕಡಾ ಮೂರರ ಆಸುಪಾಸು. ಥ್ರಾಟಲನ್ನು ಮಾಯ ಮಾಡಿದರೂ ನಿಮಗೆ ವಾಪಸ್ ಸಿಗುವ ಗಾಳಿ ಅದಕ್ಕಿಂತ ಹೆಚ್ಚಾಗದು. ಇಲ್ಲದ ತಡೆಯನ್ನು ತೆಗೆಯಲು ಸಾಧ್ಯವಿಲ್ಲವಲ್ಲ! 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಎಂಬ ಪುಟ್ಟ ಸ್ಪೋರ್ಟ್ಸ್ ಕಾರು ಐಟಿಬಿ ಪ್ರಿಯರ ಅಚ್ಚುಮೆಚ್ಚು. ಅದರ 1.6 ಲೀಟರ್ ಎಂಜಿನ್ ಕೊಡುತ್ತಿದ್ದದ್ದು ಸುಮಾರು 115 ಹಾರ್ಸ್‌ಪವರ್. ಅದರ ಶೇಕಡಾ ಮೂರು ಎಂದರೆ ಮೂರೂವರೆ ಹಾರ್ಸ್‌ಪವರ್.

ಇದಕ್ಕೆ ಹೋಲಿಸಲು ನಮ್ಮದೇ ರಾಜ್ಯದ ಒಂದು ಉದಾಹರಣೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ 91 ಕಿಲೋಪಾಸ್ಕಲ್ ಆಸುಪಾಸು. ಮಂಗಳೂರಿನಲ್ಲಿ 101ರ ಆಸುಪಾಸು. ಅಂದರೆ ಟರ್ಬೊ ಇಲ್ಲದ ಅದೇ ಕಾರು ಮಂಗಳೂರಿಗೆ ಇಳಿದರೆ, ಕರಾವಳಿಯ ಸೆಕೆಯನ್ನು ಲೆಕ್ಕದಿಂದ ಸ್ವಲ್ಪ ಕಳೆದರೂ, ಅದಕ್ಕೆ ಹೆಚ್ಚು ಕಡಿಮೆ ಹತ್ತನೇ ಒಂದು ಭಾಗದಷ್ಟು ಹೆಚ್ಚು ಗಾಳಿ ಸಿಗುತ್ತದೆ. ಐಟಿಬಿಯೊಂದೇ ಕೊಡುವುದಕ್ಕಿಂತ ದೊಡ್ಡ ‘ಅಪ್‌ಗ್ರೇಡ್’ ಶಿರಾಡಿ ಘಾಟಿ ಇಳಿದರೆ ಪುಕ್ಕಟೆಯಾಗಿ ಸಿಗುತ್ತದೆ!

ಮೂರು ಕಾರುಗಳು ಹೇಳುವ ಸತ್ಯ

ಲೆಕ್ಕ ಬಿಡಿ, ಐಟಿಬಿ ಇಟ್ಟು ನಿಜವಾಗಿ ಮಾರಾಟವಾದ ಕಾರುಗಳನ್ನೇ ನೋಡೋಣ.

ಮೊದಲನೆಯದು ಟೊಯೋಟಾ. ಅದರ 4ಎ-ಜಿಇ ಎಂಬ 1.6 ಲೀಟರ್ ಎಂಜಿನ್ ಜಪಾನಿನ ಕಾರುಪ್ರಿಯರ ನಡುವೆ ಮನೆಮಾತು. 1989ರ ಸುಧಾರಿತ ರೂಪದಲ್ಲಿ ಒಂದೇ ಥ್ರಾಟಲ್ ಇದ್ದು 140 ಪಿಎಸ್ ಕೊಡುತ್ತಿತ್ತು. (ಪಿಎಸ್, ಹಾರ್ಸ್‌ಪವರ್ ಹೆಚ್ಚು ಕಡಿಮೆ ಒಂದೇ ಅಳತೆ.) 1991ರಲ್ಲಿ ಅದೇ ಎಂಜಿನ್ ನಾಲ್ಕು ಥ್ರಾಟಲ್‌ಗಳೊಂದಿಗೆ 160 ಪಿಎಸ್ ಕೊಟ್ಟಿತು. ಹೆಚ್ಚಿದ್ದು ಶೇಕಡಾ 14. ಆದರೆ ಆಗ ಬದಲಾಗಿದ್ದು ಥ್ರಾಟಲ್ ಮಾತ್ರವಲ್ಲ. ಸಿಲಿಂಡರಿಗೆ ನಾಲ್ಕಿದ್ದ ವಾಲ್ವುಗಳು ಐದಾದವು, ವಾಲ್ವ್ ತೆರೆಯುವ ಸಮಯವನ್ನು ಬದಲಿಸುವ ವ್ಯವಸ್ಥೆ ಬಂತು, ಕಂಪ್ರೆಷನ್ ಏರಿತು. ಸಿಲಿಂಡರ್ ಹೆಡ್ಡನ್ನೇ ಹೊಸದಾಗಿ ಮಾಡಿ, ಇಷ್ಟೆಲ್ಲ ಸೇರಿಸಿ ಟೊಯೋಟಾದ ಎಂಜಿನಿಯರುಗಳಿಗೆ ಸಿಕ್ಕಿದ್ದೇ 14%. ಗ್ಯಾರೇಜಿನಲ್ಲಿ ಥ್ರಾಟಲ್ ಒಂದನ್ನೇ ಬದಲಿಸಿ 30% ಬರುತ್ತದೆ ಎಂದರೆ ನಂಬುವುದು ಹೇಗೆ?

ಎರಡನೆಯದು ಬಿಎಂಡಬ್ಲ್ಯು. 1990ರ ದಶಕದ ಎಂ3 ಕಾರನ್ನು ಅದು ಯುರೋಪಿನಲ್ಲಿ ಆರು ಥ್ರಾಟಲ್‌ಗಳ 3 ಲೀಟರ್ ಎಂಜಿನ್ನಿನೊಂದಿಗೆ ಮಾರಿತು: 286 ಪಿಎಸ್. ಅಮೆರಿಕದಲ್ಲಿ ಬೆಲೆ ಕಡಿಮೆ ಇಡಲು ಒಂದೇ ಥ್ರಾಟಲ್‌ನ, ಸರಳವಾದ 3 ಲೀಟರ್ ಎಂಜಿನ್ ಕೊಟ್ಟಿತು: 240 ಹಾರ್ಸ್‌ಪವರ್. ಮೇಲ್ನೋಟಕ್ಕೆ ಐಟಿಬಿ ಗೆದ್ದಂತೆ ಕಾಣುತ್ತದೆ. ಆದರೆ ಟಾರ್ಕ್, ಅಂದರೆ ಎಂಜಿನ್ ತಿರುಚುವ ಬಲ ನೋಡಿ. ಯುರೋಪಿನದು 320 ನ್ಯೂಟನ್ ಮೀಟರ್, ಅಮೆರಿಕದ್ದು 305. ವ್ಯತ್ಯಾಸ ಶೇಕಡಾ ಐದು ಮಾತ್ರ! ಪವರ್ ಎಂದರೆ ಟಾರ್ಕನ್ನು ವೇಗದಿಂದ ಗುಣಿಸಿದ್ದು. ಯುರೋಪಿನ ಎಂಜಿನ್ ತನ್ನ ಗರಿಷ್ಠ ಪವರನ್ನು 7000 ಸುತ್ತಿನಲ್ಲಿ ಕೊಟ್ಟರೆ ಅಮೆರಿಕದ್ದು 6000ದಲ್ಲಿ ಕೊಡುತ್ತಿತ್ತು. ಹೆಚ್ಚು ವೇಗದಲ್ಲಿ ಉಸಿರಾಡಲು ತಕ್ಕ ಕ್ಯಾಮ್‌ಶಾಫ್ಟ್, ಸಿಲಿಂಡರ್ ಹೆಡ್ ಮತ್ತು ಥ್ರಾಟಲ್‌ಗಳು ಒಟ್ಟಾಗಿ ಆ ಪವರನ್ನು ತಂದವು. ಕೇವಲ ಥ್ರಾಟಲ್ ಅಲ್ಲ.

ಮೂರನೆಯದು ನಿಸಾನ್. 1989ರ ಸ್ಕೈಲೈನ್ ಜಿಟಿ-ಆರ್ ಕಾರಿನ 2.6 ಲೀಟರ್ ಎಂಜಿನ್ನಿನಲ್ಲಿ ಎರಡು ಟರ್ಬೊಗಳ ಜೊತೆಗೆ ಆರು ಥ್ರಾಟಲ್‌ಗಳಿದ್ದವು. ಈ ಎಂಜಿನ್ನಿನಿಂದ ಅತಿ ಹೆಚ್ಚು ಪವರ್ ಹಿಂಡಲು ಹೊರಡುವ ಹಲವು ಟ್ಯೂನರುಗಳು ಏನು ಮಾಡುತ್ತಾರೆ ಗೊತ್ತೇ? ಕಂಪನಿ ಕೊಟ್ಟ ಆರು ಥ್ರಾಟಲ್‌ಗಳನ್ನು ಕಿತ್ತು ಒಂದೇ ದೊಡ್ಡ ಥ್ರಾಟಲ್ ಹಾಕುತ್ತಾರೆ! ಟರ್ಬೊ ಎಂಜಿನ್ನಿಗೆ ಗಾಳಿಯನ್ನು ಟರ್ಬೊ ತಳ್ಳಿ ಕೊಡುತ್ತದೆ. ಅಲ್ಲಿ ಐಟಿಬಿಯ ಲಾಭ ಕಡಿಮೆ, ಜೋಡಣೆಯ ತಲೆನೋವು ಜಾಸ್ತಿ. ಇಂದು ನಮ್ಮ ರಸ್ತೆಗಳಲ್ಲಿರುವ ಹಲವು ಸಣ್ಣ ಪೆಟ್ರೋಲ್ ಕಾರುಗಳೂ ಟರ್ಬೊ ಕಾರುಗಳೇ ಎಂಬುದು ನೆನಪಿರಲಿ.

ಹಾಗಿದ್ದರೆ ಕಂಪನಿಗಳು ಐಟಿಬಿ ಹಾಕುವುದೇಕೆ?

ಏಕೆಂದರೆ ಐಟಿಬಿ ಪವರ್ ಕೊಡುವುದಕ್ಕಿಂತ ಹೆಚ್ಚಾಗಿ, ಪವರ್ ಕೊಡುವ ಬೇರೆ ಬದಲಾವಣೆಗಳಿಗೆ ದಾರಿ ಮಾಡಿಕೊಡುತ್ತದೆ.

ಹೆಚ್ಚು ವೇಗದಲ್ಲಿ ಹೆಚ್ಚು ಗಾಳಿ ಬೇಕೆಂದರೆ ವಾಲ್ವುಗಳು ಹೆಚ್ಚು ಹೊತ್ತು ತೆರೆದಿರಬೇಕು. ಇದನ್ನು ನಿರ್ಧರಿಸುವುದು ಕ್ಯಾಮ್‌ಶಾಫ್ಟ್. ರೇಸ್ ಮಾದರಿಯ ಕ್ಯಾಮ್‌ಶಾಫ್ಟ್ ಹಾಕಿದರೆ ಗಾಳಿ ಬರುವ ವಾಲ್ವ್ ಮತ್ತು ಹೊಗೆ ಹೋಗುವ ವಾಲ್ವ್ ಎರಡೂ ಒಟ್ಟಿಗೆ ತೆರೆದಿರುವ ಹೊತ್ತು ಹೆಚ್ಚುತ್ತದೆ. ಆಗ ಎಂಜಿನ್ ನಿಧಾನವಾಗಿ ತಿರುಗುವಾಗ ಒಂದು ಸಿಲಿಂಡರಿನ ಗಾಳಿ ಹಿಂದಕ್ಕೆ ಒದ್ದು, ಪ್ಲೀನಮ್ ಮೂಲಕ ಪಕ್ಕದ ಸಿಲಿಂಡರಿನ ಉಸಿರನ್ನೂ ಕೆಡಿಸುತ್ತದೆ. ಒಂದೇ ಹಜಾರದಲ್ಲಿ ನಾಲ್ಕು ಜನ ಬೇರೆ ಬೇರೆ ಶ್ರುತಿಯಲ್ಲಿ ಹಾಡಿದ ಹಾಗೆ. ಐಟಿಬಿ ಪ್ರತಿಯೊಬ್ಬರಿಗೂ ಒಂದೊಂದು ಕೋಣೆ ಕೊಡುತ್ತದೆ. ಅಂಥ ಕ್ಯಾಮ್‌ಶಾಫ್ಟ್ ಇಟ್ಟುಕೊಂಡೂ ಎಂಜಿನ್ ಮರ್ಯಾದೆಯಿಂದ ಐಡ್ಲಿಂಗ್ ಆಗುವಂತೆ ಮಾಡುತ್ತದೆ.

ಇನ್ನು ತುತ್ತೂರಿಗಳು. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಅದರ ಗಾತ್ರಕ್ಕೆ ತಕ್ಕ ಒಂದೇ ಸ್ವರ ಬರುತ್ತದಲ್ಲ, ಹಾಗೆಯೇ ಈ ಕೊಳವೆಗಳಲ್ಲೂ ಒತ್ತಡದ ಅಲೆಗಳು ಹಿಂದೆ ಮುಂದೆ ಓಡಾಡುತ್ತವೆ. ಸರಿಯಾದ ಹೊತ್ತಿಗೆ ವಾಪಸ್ ಬಂದ ಅಲೆ ಒಂದಿಷ್ಟು ಹೆಚ್ಚು ಗಾಳಿಯನ್ನು ಸಿಲಿಂಡರಿಗೆ ತಳ್ಳುತ್ತದೆ. ಗಿಡ್ಡ ಕೊಳವೆ ಹೆಚ್ಚು ವೇಗದಲ್ಲಿ ನೆರವಾಗುತ್ತದೆ, ಉದ್ದ ಕೊಳವೆ ಮಧ್ಯಮ ವೇಗದಲ್ಲಿ. ಒಂದು ಕಡೆ ಗಳಿಸಿದರೆ ಇನ್ನೊಂದು ಕಡೆ ಕಳೆದುಕೊಳ್ಳಬೇಕು. ಗಿಡ್ಡ ತುತ್ತೂರಿ ಹಾಕಿಸಿದ ಎಷ್ಟೋ ಕಾರುಗಳು ನಾವು ದಿನವೂ ಬಳಸುವ 2000ದಿಂದ 4000 ಸುತ್ತಿನ ನಡುವೆ ಮೊದಲಿಗಿಂತ ಮಂಕಾಗುವುದು ಇದೇ ಕಾರಣಕ್ಕೆ.

2021ರ ಪೋರ್ಷೆ 911 ಜಿಟಿ3 ಇದಕ್ಕೆ ಒಳ್ಳೆಯ ಉದಾಹರಣೆ. ಆರು ಸಿಲಿಂಡರಿಗೆ ಆರು ಥ್ರಾಟಲ್, 510 ಪಿಎಸ್. ಆದರೆ ಆ ಎಂಜಿನ್ 9000 ಸುತ್ತಿನವರೆಗೆ ತಿರುಗುವಂತೆ ಬುಡದಿಂದಲೇ ರೂಪಿಸಿದ್ದು. ಅಲ್ಲಿ ಐಟಿಬಿ ಇಡೀ ಅಡುಗೆಯಲ್ಲಿ ಒಂದು ಸಾಮಗ್ರಿ. ಒಗ್ಗರಣೆಯನ್ನಷ್ಟೇ ತಂದು ಸುರಿದರೆ ಸಾರಾಗುವುದಿಲ್ಲ.

ಕಿವಿಗೆ ಆಗುವ ಮೋಸ

ಇಷ್ಟಿದ್ದರೂ ಐಟಿಬಿ ಹಾಕಿಸಿದವರು ‘ಕಾರು ಹಾರುತ್ತಿದೆ’ ಎನ್ನುವುದೇಕೆ? ಅವರು ಸುಳ್ಳು ಹೇಳುತ್ತಿಲ್ಲ. ಸಾಮಾನ್ಯ ಕಾರಿನಲ್ಲಿ ಏರ್ ಫಿಲ್ಟರ್ ಡಬ್ಬಿ ಮತ್ತು ಪ್ಲೀನಮ್ ಎರಡೂ ಗಾಳಿ ಎಳೆಯುವ ಸದ್ದನ್ನು ಅಡಗಿಸುತ್ತವೆ. ಐಟಿಬಿಯಲ್ಲಿ ಅವೆರಡೂ ಇಲ್ಲವಾಗಿ ಸದ್ದು ನೇರವಾಗಿ ಕಿವಿಗೆ ಬರುತ್ತದೆ. ಸದ್ದು ಜೋರಾದರೆ ವೇಗ ಹೆಚ್ಚಿದೆ ಎಂದು ನಮಗೆಲ್ಲ ಅನ್ನಿಸುತ್ತದೆ.

ಇನ್ನೊಂದು ಕಾರಣ ಇದೆ. 45 ಮಿಲಿಮೀಟರಿನ ನಾಲ್ಕು ತಟ್ಟೆಗಳ ಒಟ್ಟು ವಿಸ್ತೀರ್ಣ 60 ಮಿಲಿಮೀಟರಿನ ಒಂದು ತಟ್ಟೆಯ ಎರಡು ಪಟ್ಟಿಗಿಂತ ಹೆಚ್ಚು. ಹಾಗಾಗಿ ಆಕ್ಸಿಲರೇಟರನ್ನು ಸ್ವಲ್ಪವೇ ಮುಟ್ಟಿದರೂ ಗಾಳಿ ರಪ್ಪನೆ ನುಗ್ಗಿ ಕಾರು ಮುಂದಕ್ಕೆ ಜಿಗಿಯುತ್ತದೆ. ಮೊದಲು ಅರ್ಧ ಒತ್ತಿದಾಗ ಸಿಗುತ್ತಿದ್ದದ್ದು ಈಗ ಕಾಲು ಭಾಗಕ್ಕೇ ಸಿಕ್ಕಿತು, ಅಷ್ಟೇ. ಪೂರ್ತಿ ಒತ್ತಿದಾಗ ಸಿಗುವುದು ಮೊದಲಿನಷ್ಟೇ ಇರಬಹುದು.

‘ಡೈನೊ ಯಂತ್ರದಲ್ಲಿ ಅಳೆದಿದ್ದಾರೆ, ರಿಪೋರ್ಟ್ ಇದೆ’ ಎನ್ನುತ್ತೀರಾ? ಎರಡು ವಿಷಯ ಕೇಳಿ. ಮೊದಲು ಮತ್ತು ನಂತರದ ಅಳತೆ ಒಂದೇ ಯಂತ್ರದಲ್ಲಿ, ಒಂದೇ ರೀತಿಯ ಹವೆಯಲ್ಲಿ ಆಯಿತೇ? ಎರಡೂ ಚಕ್ರದ ಬಳಿ ಅಳೆದದ್ದೇ? ಗೇರ್‌ಬಾಕ್ಸ್, ಟಯರುಗಳಲ್ಲಿ ಒಂದಿಷ್ಟು ಪವರ್ ಸೋರಿಹೋಗುವುದರಿಂದ ಚಕ್ರದಲ್ಲಿ ಸಿಗುವ ಅಂಕಿ ಎಂಜಿನ್ನಿನ ಅಂಕಿಗಿಂತ ಯಾವಾಗಲೂ ಕಡಿಮೆ. ‘ಮೊದಲು’ ಎಂದು ಚಕ್ರದ ಅಂಕಿಯನ್ನೂ ‘ನಂತರ’ ಎಂದು ಎಂಜಿನ್ನಿನ ಅಂಕಿಯನ್ನೂ ತೋರಿಸಿದರೆ, ಏನೂ ಮಾಡದೆಯೇ ಪವರ್ ‘ಹೆಚ್ಚುತ್ತದೆ’!

ವಿಡಿಯೋ ಹೇಳದ ನಾಲ್ಕು ವಿಷಯಗಳು

1. ಬ್ರೇಕ್: ಇದು ಎಲ್ಲಕ್ಕಿಂತ ಮುಖ್ಯ. ಬಹುಪಾಲು ಪೆಟ್ರೋಲ್ ಕಾರುಗಳಲ್ಲಿ ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ಪ್ಲೀನಮ್ಮಿನ ನಿರ್ವಾತದಿಂದ. ನಿಮ್ಮ ಕಾಲಿನ ಬಲವನ್ನು ಹಲವು ಪಟ್ಟು ಹೆಚ್ಚಿಸುವುದು ಇದೇ. ಐಟಿಬಿ ಹಾಕಿದಾಗ ಆ ಪ್ಲೀನಮ್ಮೇ ಇರುವುದಿಲ್ಲ. ಪ್ರತಿ ಕೊಳವೆಯಿಂದ ಸಣ್ಣ ಪೈಪುಗಳನ್ನು ಎಳೆದು, ಒಂದು ಪುಟ್ಟ ಟ್ಯಾಂಕಿಗೆ ಒನ್ ವೇ ವಾಲ್ವಿನೊಂದಿಗೆ ಜೋಡಿಸಬೇಕು. ಸಾಲದಿದ್ದರೆ ಎಲೆಕ್ಟ್ರಿಕ್ ವ್ಯಾಕ್ಯೂಮ್ ಪಂಪ್ ಹಾಕಬೇಕು. ಇದನ್ನು ಸರಿಯಾಗಿ ಮಾಡದಿದ್ದರೆ ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ. ಎಂಜಿನ್ ಆಫ್ ಆದ ಕಾರನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಹೋದವರಿಗೆ ಆ ಅನುಭವ ಗೊತ್ತಿರುತ್ತದೆ. ಹೆದ್ದಾರಿಯಲ್ಲಿ ಅದು ಬೇಡ.

2. ಟ್ಯೂನಿಂಗ್: ಪ್ಲೀನಮ್ ಇಲ್ಲದಾಗ ಒತ್ತಡದ ಸೆನ್ಸರಿಗೆ ಸ್ಥಿರವಾದ ಅಂಕಿ ಸಿಗುವುದಿಲ್ಲ. ಥ್ರಾಟಲ್ ಎಷ್ಟು ತೆರೆದಿದೆ, ಎಂಜಿನ್ ಎಷ್ಟು ವೇಗದಲ್ಲಿದೆ ಎಂಬ ಎರಡರಿಂದಲೇ ಪೆಟ್ರೋಲ್ ಲೆಕ್ಕಹಾಕುವಂತೆ ಇಸಿಯುವನ್ನು ಹೊಸದಾಗಿ ಹೊಂದಿಸಬೇಕು. ಬಹಳ ಸಲ ಇಸಿಯುವನ್ನೇ ಬದಲಿಸಬೇಕಾಗುತ್ತದೆ. ಪೆಟ್ರೋಲ್ ಕಡಿಮೆ ಬಿದ್ದರೆ ಎಂಜಿನ್ ನಾಕಿಂಗ್ ಶುರುವಾಗಿ ಪಿಸ್ಟನ್ ಹಾಳಾಗಬಹುದು. ಜೊತೆಗೆ ನಾಲ್ಕೂ ತಟ್ಟೆಗಳು ಸಮನಾಗಿ ತೆರೆಯುವಂತೆ ಆಗಾಗ ಹೊಂದಿಸುತ್ತಿರಬೇಕು. ಒಂದು ಕೂದಲೆಳೆ ಹೆಚ್ಚು ತೆರೆದರೂ ಐಡ್ಲಿಂಗ್ ನಡುಗುತ್ತದೆ.

3. ಧೂಳು: ಫಿಲ್ಟರ್ ಇಲ್ಲದ ತೆರೆದ ತುತ್ತೂರಿಗಳು ವಿಡಿಯೋದಲ್ಲಿ ಚೆಂದ. ರಸ್ತೆಯ ಧೂಳಿನಲ್ಲಿರುವ ಮರಳಿನ ಕಣಗಳು ಒಳಗೆ ಹೋದರೆ ಸಿಲಿಂಡರಿನ ಗೋಡೆಯನ್ನು ಉಪ್ಪು ಕಾಗದದಂತೆ ಉಜ್ಜುತ್ತವೆ. ಮೇಲೆ ಹೇಳಿದ ಟೊಯೋಟಾ, ಬಿಎಂಡಬ್ಲ್ಯು, ಪೋರ್ಷೆಗಳೆಲ್ಲ ಥ್ರಾಟಲ್‌ಗಳನ್ನು ಡಬ್ಬಿಯೊಳಗೆ ಮುಚ್ಚಿ, ಫಿಲ್ಟರಿನ ಮೂಲಕವೇ ಗಾಳಿ ಕೊಡುತ್ತವೆ.

4. ಬಿಸಿ ಗಾಳಿ: ಡಬ್ಬಿ ತೆಗೆದಾಗ ಎಂಜಿನ್ ಎಳೆಯುವುದು ಬಾನೆಟ್ ಒಳಗಿನ ಬಿಸಿ ಗಾಳಿಯನ್ನು. ಬಿಸಿಯಾದಷ್ಟೂ ಗಾಳಿ ತೆಳು. 35 ಡಿಗ್ರಿಯ ಗಾಳಿಯ ಬದಲು 60 ಡಿಗ್ರಿಯ ಗಾಳಿ ಎಳೆದರೆ ಅಷ್ಟೇ ಜಾಗದಲ್ಲಿ ಸುಮಾರು ಶೇಕಡಾ 7ರಷ್ಟು ಕಡಿಮೆ ಗಾಳಿ ಇರುತ್ತದೆ. ಥ್ರಾಟಲಿನಿಂದ ಗಳಿಸಿದ ಮೂರು ಹೋಗಿ, ಮೇಲೆ ನಾಲ್ಕು ನಷ್ಟ!

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ ತಯಾರಕರು ನೀಡಿದ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾಲೀಕರು ಬದಲಿಸುವಂತಿಲ್ಲ. ಸಿಎನ್‌ಜಿ ಕಿಟ್‌ನಂಥ, ನಿಯಮದಲ್ಲಿ ಒಪ್ಪಿಗೆ ಇರುವ ಬದಲಾವಣೆಗಳು ಬೇರೆ ಮಾತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ ಪ್ರಕಾರ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಆಗಬಹುದು. ಅಪಘಾತವಾದರೆ ವಿಮಾ ಕಂಪನಿಯೂ ಇದನ್ನೇ ಹಿಡಿದು ತಕರಾರು ತೆಗೆಯಬಹುದು. ರೇಸ್ ಟ್ರ್ಯಾಕಿಗೆಂದೇ ಇಟ್ಟ, ರಸ್ತೆಗಿಳಿಯದ ಕಾರಿನ ವಿಷಯ ಬೇರೆ.

ಹಾಗಾದರೆ ಐಟಿಬಿ ಬೇಡವೇ?

ಹಾಗೇನಿಲ್ಲ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್, ಟ್ರ್ಯಾಕಿನಲ್ಲಿ ಓಡಿಸುವ ಹವ್ಯಾಸ, ಮೊದಲೇ ಬದಲಿಸಿದ ಕ್ಯಾಮ್‌ಶಾಫ್ಟ್ ಮತ್ತು ಎಕ್ಸಾಸ್ಟ್, ಹೊಸ ಇಸಿಯು, ಅದನ್ನು ಹೊಂದಿಸಬಲ್ಲ ಅನುಭವಿ ಟ್ಯೂನರ್ — ಇಷ್ಟೂ ಇದ್ದರೆ ಐಟಿಬಿ ಆ ಕೆಲಸವನ್ನು ಪೂರ್ತಿಗೊಳಿಸುವ ಕೊನೆಯ ತುಂಡು. ಕಾಲಿಗೂ ಎಂಜಿನ್ನಿಗೂ ನಡುವೆ ಏನೂ ಇಲ್ಲವೇನೋ ಎಂಬಂಥ ಆ ಸ್ಪಂದನೆ, ಆ ಸದ್ದು, ಅನುಭವಿಸಿದವರಿಗೇ ಗೊತ್ತು. ಆ ಸಂತೋಷಕ್ಕಾಗಿಯೇ ಹಣ ಕೊಡುತ್ತೇನೆ ಎನ್ನುವವರ ತಪ್ಪೇನಿಲ್ಲ. ಪವರ್ ಸಿಗುತ್ತದೆ ಎಂದು ಲಕ್ಷಗಟ್ಟಲೆ ಸುರಿಯುವವರು ಮಾತ್ರ ನಿರಾಶರಾಗುತ್ತಾರೆ.

ದಿನನಿತ್ಯದ ಕಾರು ಮಂಕಾಗಿದೆ ಅನ್ನಿಸಿದರೆ ಮೊದಲು ಮಾಡಬೇಕಾದ ಕೆಲಸಗಳು ತೀರಾ ಸಾಮಾನ್ಯ: ಏರ್ ಫಿಲ್ಟರ್ ಬದಲಿಸಿ, ಮಸಿ ಕಟ್ಟಿದ ಥ್ರಾಟಲ್ ಬಾಡಿಯನ್ನು ಶುಚಿ ಮಾಡಿಸಿ, ಸ್ಪಾರ್ಕ್ ಪ್ಲಗ್ ನೋಡಿಸಿ, ಟಯರಿನ ಗಾಳಿ ಸರಿಯಿದೆಯೇ ಪರೀಕ್ಷಿಸಿ. ಇವುಗಳ ವಿಡಿಯೋ ಯಾರೂ ಮಾಡುವುದಿಲ್ಲ, ಏಕೆಂದರೆ ಇವು ಗರ್ಜಿಸುವುದಿಲ್ಲ.

ಫಾರ್ವರ್ಡ್ ಮಾಡುವ ಮೊದಲು

ಕಾರಿನ ಪವರ್ ಹೆಚ್ಚಿಸುವ ಯಾವ ವಿಡಿಯೋ ಬಂದರೂ ಈ ಮೂರು ಪ್ರಶ್ನೆ ಕೇಳಿ:

• ಈ ಸಾಧನ ಎಂಜಿನ್ನಿಗೆ ಹೆಚ್ಚು ಗಾಳಿ ಕೊಡುತ್ತದೆಯೇ, ಅಥವಾ ಇರುವ ಗಾಳಿಯನ್ನೇ ಬೇಗ ಕೊಡುತ್ತದೆಯೇ?
• ಅದರ ಜೊತೆಗೆ ಇನ್ನೇನೇನು ಬದಲಿಸಿದ್ದಾರೆ?
• ಅದು ಜಾಗ ಬಿಡಿಸಿದ ಹಳೆಯ ಭಾಗ ಬೇರೆ ಯಾವ ಕೆಲಸ ಮಾಡುತ್ತಿತ್ತು? ಆ ಕೆಲಸವನ್ನು ಈಗ ಯಾರು ಮಾಡುತ್ತಾರೆ?

ಐಟಿಬಿಯ ವಿಷಯದಲ್ಲಿ ಮೂರನೆಯ ಪ್ರಶ್ನೆಗೆ ಉತ್ತರ ‘ಬ್ರೇಕ್’ ಎಂಬುದನ್ನು ಮರೆಯಬೇಡಿ. ಗ್ರೂಪಿನಲ್ಲಿ ಯಾರಾದರೂ ಹುಡುಗರು ಆ ತುತ್ತೂರಿ ವಿಡಿಯೋ ನೋಡಿ ಗ್ಯಾರೇಜಿಗೆ ಹೊರಟಿದ್ದರೆ, ಈ ಒಂದು ಮಾತನ್ನಾದರೂ ಅವರಿಗೆ ತಲುಪಿಸಿ.